ಕರೆಂಟಿನ ಜೊತೆ ಬರುವ ಕೆಮ್ಮು

ನಮ್ಮ ಮನೆಯಲ್ಲಿ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ ಒಂದೇ ಒಂದು. ಬಚ್ಚಲನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ಇದ್ದರೂ ಅವ್ವ ಹೊರಗಿನಿಂದ ಬಾಗಿಲು ಬಡಿದು ಬದುಕಿದ್ದೀಯೋ ಇಲ್ಲವೋ ಎಂದು ವಿಚಾರಿಸುತ್ತಾಳೆ. ಉಳಿದದ್ದು ಮಲಗುವ ಕೋಣೆ. ಅದು ಆಯಿಯದು. ಆಯಿ ಅಂದರೆ ಅಪ್ಪನ ತಾಯಿ. ಅಪ್ಪ, ಅವ್ವ, ನಾನು ಮೂವರೂ ಪಡಸಾಲೆಯಲ್ಲಿ ಮಲಗುತ್ತೇವೆ, ಟಿವಿಯ ಜೊತೆ, ನೂಲಿನ ಗಂಟುಗಳ ಜೊತೆ, ಅಪ್ಪನ ಗೊರಕೆಯ ಜೊತೆ. ಆ ಗೊರಕೆ ಪಕ್ಕದೂರು ರಬಕವಿಯವರೆಗೆ ಕೇಳಿಸುತ್ತದೆ ಎಂದು ನಾನು ಕಾಲೇಜಿನಲ್ಲಿ ಹೇಳಿದಾಗ ರಬಕವಿಯಿಂದ ಬರುವ ಗೆಳತಿಯೊಬ್ಬಳು ಎದ್ದು ನಿಂತು, ಹೌದು, ನಿನ್ನೆ ಸ್ವಲ್ಪ ಹೆಚ್ಚಾಗಿತ್ತು ಎಂದು ಸಾಕ್ಷಿ ನುಡಿದಳು.

ಪಿಯುಸಿ ಎರಡನೇ ವರ್ಷಕ್ಕೆ ಬಂದ ಮೇಲೆ ನನಗೆ ಆ ಕೋಣೆ ಬೇಕು ಅನ್ನಿಸತೊಡಗಿತು. ಓದಲಿಕ್ಕೆ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಅದು ಅರ್ಧ ಖರೆ. ಬಾಗಿಲು ಹಾಕಿಕೊಂಡು ಏನೂ ಮಾಡದೆ ಕೂರಬೇಕು ಎನ್ನುವುದು ಇನ್ನರ್ಧ. ಮನೆಯಲ್ಲಿ ಏನೂ ಮಾಡದೆ ಕೂತ ಹುಡುಗಿ ಕಣ್ಣಿಗೆ ಬಿದ್ದರೆ ಅವಳ ಕೈಗೆ ಬೆಳ್ಳುಳ್ಳಿ ಬರುತ್ತದೆ, ಸುಲಿಯಲಿಕ್ಕೆ.

ಬನಹಟ್ಟಿಯಲ್ಲಿ ಮನೆ ಎಂದರೆ ಮಗ್ಗಗಳು ಬಿಟ್ಟುಕೊಟ್ಟ ಜಾಗದಲ್ಲಿ ಮನುಷ್ಯರು ಹೊಂದಿಕೊಂಡು ಇರುವ ಏರ್ಪಾಡು. ನಮ್ಮದೂ ಹಾಗೆಯೇ. ಮುಂದೆ ಪಡಸಾಲೆ, ನಡುವೆ ಅಡುಗೆಮನೆ, ಹಿಂದೆ ಆಯಿಯ ಕೋಣೆ, ಆ ಕೋಣೆಯ ಗೋಡೆಗೆ ಬೆನ್ನು ಹಚ್ಚಿ ಅಪ್ಪನ ನಾಲ್ಕು ಪಾವರ್‌ಲೂಮುಗಳ ಶೆಡ್ಡು. ಕರೆಂಟು ಬಂತೆಂದರೆ ನಾಲ್ಕೂ ಒಮ್ಮೆಲೇ ಬಡಿಯಲು ಶುರು ಮಾಡುತ್ತವೆ. ಆಗ ನಮ್ಮ ಮನೆಯಲ್ಲಿ ಚಹಾಕ್ಕೆ ಸಕ್ಕರೆ ಹಾಕಿದರೆ ಸಾಕು, ಚಮಚ ಬೇಡ, ಲೋಟ ತಾನೇ ನಡುಗಿ ಕರಗಿಸಿಕೊಡುತ್ತದೆ. ಬಂದ ನೆಂಟರು ಸದ್ದಿಗೆ ನಿದ್ದೆ ಹತ್ತಲಿಲ್ಲ ಎನ್ನುತ್ತಾರೆ. ನಮಗೆ ಸದ್ದು ನಿಂತರೆ ಎಚ್ಚರವಾಗುತ್ತದೆ.

ಕರೆಂಟಿನ ಜೊತೆ ಬರುವ ಇನ್ನೊಂದು ಸದ್ದು ಆಯಿಯ ಕೆಮ್ಮು. ಮಗ್ಗ ಶುರುವಾಗಿ ಸ್ವಲ್ಪ ಹೊತ್ತಿಗೆ ಅದೂ ಶುರುವಾಗುತ್ತಿತ್ತು, ಕರೆಂಟು ಹೋದರೆ ಅದೂ ಇಳಿಯುತ್ತಿತ್ತು. ಮೀಟರು ಓದಲು ಬಂದವರಿಗೆ ನಾನು, ನಮ್ಮ ಆಯಿಯೊಳಗೂ ಒಂದು ಮೀಟರು ಕೂತಿದೆ, ಅದನ್ನೂ ಓದಿ ಬಿಲ್ಲು ಹರಿದು ಕೊಡ್ರಿ ಎಂದಿದ್ದೆ. ಎಲ್ಲರಿಗಿಂತ ಹೆಚ್ಚು ನಕ್ಕವಳು ಆಯಿಯೇ. ಆ ನಗು ಕಡಿಮೆಯಾದದ್ದು ಈ ವರ್ಷದ ಮಳೆಗಾಲದಲ್ಲಿ. ಮಾತನ್ನು ಅರ್ಧಕ್ಕೆ ಬಿಟ್ಟು, ಗೋಡೆಗೆ ಕೈ ಊರಿ, ಬಾಯಿ ತೆರೆದು ಉಸಿರಿಗಾಗಿ ಕಾಯುತ್ತ ನಿಲ್ಲತೊಡಗಿದಳು. ಹಾಗೆ ನಿಂತಾಗ ಅವಳ ಕೊರಳಿನ ಕೆಳಗಿನ ತಗ್ಗು ಒಳಕ್ಕೆ ಎಳೆದುಕೊಳ್ಳುವುದನ್ನು ಒಂದು ಸಲ ಹತ್ತಿರದಿಂದ ನೋಡಿದೆ. ಮೀಟರಿನ ಮಾತನ್ನು ಆಮೇಲೆ ಎಲ್ಲಿಯೂ ಹೇಳಲಿಲ್ಲ.

ಅಪ್ಪ ಅವಳನ್ನು ಜಮಖಂಡಿಗೆ ಕರೆದುಕೊಂಡು ಹೋದ. ಡಾಕ್ಟರು ಎದೆ ಪರೀಕ್ಷೆ ಮಾಡಿ, ಮನೆಯಲ್ಲಿ ಮಗ್ಗ ಇದೆಯೇ ಎಂದು ಕೇಳಿದರಂತೆ. ಬನಹಟ್ಟಿಯವರನ್ನು ಹಾಗೆ ಕೇಳುವುದು ಮನೆಯಲ್ಲಿ ಒಲೆ ಇದೆಯೇ ಎಂದು ಕೇಳಿದ ಹಾಗೆ. ಹತ್ತಿಯ ಧೂಳು ಎದೆಗೆ ಹೋಗುತ್ತಿದೆ, ಮಗ್ಗದ ಗೋಡೆಯಿಂದ ದೂರ ಮಲಗಿಸಿ ಎಂದರು. ಬಾಯಿಗಿಟ್ಟು ಎಳೆದುಕೊಳ್ಳುವ ಒಂದು ಪಂಪನ್ನೂ ಬರೆದುಕೊಟ್ಟರು. ಆಯಿ ಇನ್ನು ಮೇಲೆ ಪಡಸಾಲೆಯಲ್ಲಿ ಮಲಗುವುದು ಎಂದು ಆ ಸಂಜೆಯೇ ತೀರ್ಮಾನವಾಯಿತು. ಹಾಗಾದರೆ ಖೋಲಿ ಯಾರಿಗೆ ಎಂದು ನಾನು ಕೇಳಿದ್ದು ಕೊಂಚ ಬೇಗ ಆಯಿತೇನೋ. ಆಯಿ ಇನ್ನೂ ಚಪ್ಪಲಿ ಕಳಚಿರಲಿಲ್ಲ.

ಅವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಿನ್ನ ಎದೆಗೆ ಧೂಳು ಹೋಗುವುದಿಲ್ಲವೇ ಎಂದಳು. ನನ್ನ ಎದೆ ಹೊಸದು, ಇನ್ನೂ ಗ್ಯಾರಂಟಿಯಲ್ಲಿದೆ ಎಂದೆ. ಅಪ್ಪ ನಕ್ಕ. ಅಪ್ಪ ನಕ್ಕರೆ ಅವ್ವ ಸೋಲುವುದಿಲ್ಲ, ಷರತ್ತು ಹಾಕುತ್ತಾಳೆ.

“ನವರಾತ್ರಿ ಘಟ ಹಾಕೂದರೊಳಗ ಆ ಖೋಲಿ ಪೂರಾ ನೀ ಒಬ್ಬಾಕೀನ ಸ್ವಚ್ಛ ಮಾಡು. ನಾ ಬಿಳಿ ಅರಿವಿ ತಗೊಂಡು ಎಲ್ಲಿ ಬೇಕಾದಲ್ಲಿ ಒರಸ್ತೇನಿ. ಅರಿವಿ ಕಪ್ಪಾತು ಅಂದ್ರ ಖೋಲಿ ಮರತಬಿಡು.”

ಆಯಿಯನ್ನು ಯಾರೂ ಏನೂ ಕೇಳಲಿಲ್ಲ. ಆದರೂ ಅವಳು, “ನಾ ಎಲ್ಲೆರ ಮಲಗೇನು ಬಿಡ್ರಿ,” ಎಂದು ಹೇಳಿ ಕೋಣೆಗೆ ಹೋದಳು. ಊಟಕ್ಕೆ ಕರೆದಾಗ ಮೊದಲ ಸಲಕ್ಕೆ ಬರಲಿಲ್ಲ.

ನವರಾತ್ರಿಯ ಘಟ ಕೂರುವ ಮೊದಲು ನಮ್ಮ ಕಡೆ ಮನೆಯಲ್ಲಿ ಒಗೆಯದ ಬಟ್ಟೆ ಒಂದೂ ಉಳಿಯಬಾರದು. ಬಟ್ಟೆ ಎಂದರೆ ಉಟ್ಟ ಬಟ್ಟೆಯಲ್ಲ, ಹಾಸಿಗೆ, ಜಮಖಾನೆ, ಮತ್ತು ಹಳೆಯ ಸೀರೆಗಳನ್ನು ಪದರು ಪದರಾಗಿ ಇಟ್ಟು ಹೊಲಿದ ಕೌದಿಗಳು. ಒಣಗಿದ ಕೌದಿಯನ್ನು ಒಬ್ಬರು ಎತ್ತಬಹುದು. ನೀರು ಕುಡಿದ ಕೌದಿಯನ್ನು ಎತ್ತಲು ಓಣಿಯ ಹೆಂಗಸರೆಲ್ಲ ಬೇಕು. ಹೀಗಾಗಿ ಓಣಿಯವರು ಸೇರಿ ಒಂದು ಸರಕಿನ ರಿಕ್ಷಾ ಹಿಡಿದು ಎಲ್ಲವನ್ನೂ ಹೊಳೆಗೆ ಒಯ್ಯುತ್ತಾರೆ. ಆ ದಿನ ಬೆಳಿಗ್ಗೆ ಅವ್ವ ಹಾಸಿಗೆಗಳ ಗುಡ್ಡದ ಮೇಲೆ ಕೂತು ಮೆರವಣಿಗೆ ಹೊರಟ ಹಾಗೆ ಹೋದಳು. ಕರೆಂಟು ಇರಲಿಲ್ಲವಾದ್ದರಿಂದ ಅಪ್ಪ ಚಹಾದ ಅಂಗಡಿಗೆ ಹೋದ. ಆಯಿ ಪಡಸಾಲೆಯ ಕುರ್ಚಿಯಲ್ಲಿ ಕೂತಳು. ನಾನು ತಲೆಗೆ ಅಪ್ಪನ ಟಾವೆಲ್ಲು ಸುತ್ತಿ, ಮೂಗಿಗೆ ಕರವಸ್ತ್ರ ಕಟ್ಟಿ, ದರೋಡೆಗೆ ಹೊರಟವಳ ಹಾಗೆ ಕೋಣೆಗೆ ಇಳಿದೆ.

ಮೇಲಿನಿಂದ ಶುರು ಮಾಡಿದೆ. ಜಂತಿಯ ಮೂಲೆಗಳಲ್ಲಿ ಜೇಡ ಬಲೆ ನೇಯ್ದಿತ್ತು, ಅದರ ಮೇಲೆ ಹತ್ತಿಯ ಧೂಳು ಕೂತು ಕೂತು ಬಲೆ ಹೋಗಿ ಬಟ್ಟೆಯಾಗಿತ್ತು. ಒಂದು ಮೂಲೆಯಲ್ಲಂತೂ ಅಂಚು, ಸೆರಗು ಎಲ್ಲ ಸರಿಯಾಗಿ ಬಂದಿತ್ತು. ಅಪ್ಪ ನೋಡಿದ್ದರೆ ಆ ಜೇಡವನ್ನು ಕೆಲಸಕ್ಕೆ ಕರೆಯುತ್ತಿದ್ದ. ಫ್ಯಾನಿನ ರೆಕ್ಕೆಗಳನ್ನು ಒರೆಸಿದೆ, ಅವು ಕಂದು ಬಣ್ಣದವಲ್ಲ, ಬಿಳಿಯವು ಎಂದು ಆಗ ಗೊತ್ತಾಯಿತು. ತಿಜೋರಿಯ ತಲೆಯ ಮೇಲಿನ ಧೂಳಿನಲ್ಲಿ ಮೆಂತ್ಯ ಬಿತ್ತಬಹುದಾಗಿತ್ತು. ಟ್ರಂಕು ಎಳೆದೆ, ಕಿಟಕಿಯ ಸರಳುಗಳನ್ನು ಒಂದೊಂದಾಗಿ ಹಸಿ ಬಟ್ಟೆಯಿಂದ ತಿಕ್ಕಿದೆ, ಅಜ್ಜನ ಫೋಟೋದ ಗಾಜು ಒರೆಸಿದೆ. ಗಾಜು ತಿಳಿಯಾದ ಮೇಲೆ ಅಜ್ಜ ನನ್ನನ್ನೇ ನೋಡುತ್ತಿದ್ದಾನೆ ಅನ್ನಿಸಿ ಫೋಟೋವನ್ನು ಸ್ವಲ್ಪ ಓರೆ ಮಾಡಿಟ್ಟೆ.

ಆಯಿಯ ಗಾದಿಯನ್ನು ಮಾಳಿಗೆಗೆ ಒಯ್ಯುವುದು ದೊಡ್ಡ ಕೆಲಸವಾಯಿತು. ತಲೆಯ ಮೇಲೆ ಹೊತ್ತು ಮೆಟ್ಟಿಲು ಹತ್ತುವಾಗ ನಾನು ಬಾಡಗಂಡಿಯ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರಿನ ಹಾಗೆ ಎರಡೂ ಕಡೆ ಓಲಾಡಿದೆ. ಮೇಲೆ ಬಿಸಿಲಿಗೆ ಹಾಕಿ ಕೋಲಿನಿಂದ ಬಡಿದೆ. ಎದ್ದ ಧೂಳಿಗೆ ಚಿಮ್ಮಡದವರು ಮೋಡ ಕವಿಯಿತೆಂದು ಒಣಹಾಕಿದ್ದನ್ನೆಲ್ಲ ಒಳಗೆ ತಗೊಂಡಿರಬೇಕು. ಚಿಮ್ಮಡ ಆಯಿಯ ತವರು.

ಉಳಿದದ್ದು ಪಲ್ಲಂಗ. ಸಾಗುವಾನಿಯ ಆ ಪಲ್ಲಂಗವನ್ನು ನಾನು ಹುಟ್ಟಿದ ಮೇಲೆ ಯಾರೂ ಸರಿಸಿದ್ದನ್ನು ನೋಡಿಲ್ಲ. ಬೆನ್ನು ಹಚ್ಚಿ, ಕಾಲು ಗೋಡೆಗೆ ಒದ್ದು, ಇಂಚು ಇಂಚಾಗಿ ತಳ್ಳಿದೆ. ಕೆಳಗಿದ್ದದ್ದು ಹಲಗೆಗಳು. ಅವು ಅಲ್ಲಿವೆ ಎಂದು ನಮಗೆಲ್ಲ ಗೊತ್ತು. ಈ ಕೋಣೆ ಮೊದಲು ಅಜ್ಜನ ಕೈಮಗ್ಗದ ಕೋಣೆ. ಕೈಮಗ್ಗದಲ್ಲಿ ನೇಯುವವರು ನೆಲದ ಮಟ್ಟದಲ್ಲಿ ಕೂತು ಕಾಲನ್ನು ಒಂದು ಕುಣಿಯೊಳಗೆ ಇಳಿಬಿಟ್ಟು ಮಗ್ಗದ ಪೆಡಲುಗಳನ್ನು ತುಳಿಯುತ್ತಾರೆ. ಪಾವರ್‌ಲೂಮು ಬಂದ ಮೇಲೆ ಅಜ್ಜ ಮಗ್ಗವನ್ನು ಬಿಚ್ಚಿದ, ಆದರೆ ಅನ್ನ ಕೊಟ್ಟ ಕುಣಿಗೆ ತನ್ನ ಕೈಯಾರೆ ಮಣ್ಣು ಹಾಕಲು ಮನಸ್ಸು ಬರಲಿಲ್ಲ. ಸದ್ಯಕ್ಕೆ ಇರಲಿ ಎಂದು ಹಲಗೆ ಹೊಡೆಸಿದ. ಸದ್ಯಕ್ಕೆ ಎಂದು ಮಾಡಿದ ಕೆಲಸಗಳಷ್ಟು ಗಟ್ಟಿಯಾದದ್ದು ನಮ್ಮ ಮನೆಯಲ್ಲಿ ಬೇರೆ ಏನೂ ಇಲ್ಲ. ಅಜ್ಜ ಹೋಗಿ ವರ್ಷಗಳಾದವು, ಹಲಗೆ ಹಾಗೆಯೇ ಇದೆ.

ಆ ಹಲಗೆಗಳಲ್ಲಿ ಒಂದಕ್ಕೆ ಪಲ್ಲಂಗದ ತಲೆಯ ಕಡೆ ಒಂದು ತೂತು ಇತ್ತು. ಕಟ್ಟಿಗೆಯ ಗಂಟು ಕಳಚಿ ಬಿದ್ದು ಆದದ್ದು, ನಿಂಬೆಹಣ್ಣು ಹಿಡಿಸುವಷ್ಟು ದೊಡ್ಡದು. ಪಲ್ಲಂಗದ ಅಡಿಗೆ ಕಸಬರಿಗೆ ಚಾಚಿದರೆ ಅಲ್ಲಿಗೇ ತಾಗುತ್ತದೆ. ಆ ತೂತನ್ನು ನಾನು ಕಣ್ಣಿನಿಂದ ಕಂಡದ್ದು ಅವತ್ತೇ ಮೊದಲು, ಆದರೆ ಕೈಗೆ ಅದರ ಪರಿಚಯ ಚಿಕ್ಕಂದಿನಿಂದ ಇತ್ತು.

ಯಾಕೆಂದರೆ ನಮ್ಮ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಕಸವನ್ನು ಹೊಸ್ತಿಲು ದಾಟಿಸುವಂತಿಲ್ಲ. ಕಸದ ಜೊತೆ ಲಕ್ಷ್ಮಿಯೂ ಹೊರಗೆ ಹೋಗುತ್ತಾಳೆ ಎಂಬುದು ಆಯಿಯ ಕಟ್ಟಪ್ಪಣೆ. ಗುಡಿಸಿ ಮೂಲೆಯಲ್ಲಿ ಒತ್ತಿಟ್ಟು ಬೆಳಿಗ್ಗೆ ಎಸೆಯಬೇಕು. ಬೇರೆ ಮನೆಗಳಲ್ಲೂ ಹೀಗೆಯೇ, ಆದರೆ ಬೇರೆ ಮನೆಗಳ ಮೂಲೆಗೆ ತಳ ಇರುತ್ತದೆ. ನೇಕಾರರ ಮನೆಯ ಕಸವೆಂದರೆ ನೂಲಿನ ತುಂಡು, ಹತ್ತಿಯ ನವಿರು. ಮೂಲೆಯಲ್ಲಿಟ್ಟರೆ ಫ್ಯಾನಿನ ಗಾಳಿಗೆ ಎದ್ದು ಮತ್ತೆ ಮನೆಯೆಲ್ಲ ತಿರುಗುತ್ತದೆ. ಯಾರೋ ಒಂದು ಸಂಜೆ ಅದನ್ನು ತೂತಿನ ಕಡೆಗೆ ತಳ್ಳಿರಬೇಕು. ಕಸ ಮನೆಯೊಳಗೇ ಇತ್ತು, ಕಣ್ಣಿಗೆ ಬೀಳುತ್ತಿರಲಿಲ್ಲ. ಲಕ್ಷ್ಮಿ ಹೋಗಲಿಲ್ಲ, ಬೆಳಿಗ್ಗೆಯ ಕೆಲಸವೂ ತಪ್ಪಿತು. ಅಂದಿನಿಂದ ದಿನವೂ ಸಂಜೆ ಅವ್ವ ತಳ್ಳಿದಳು, ನಾನು ತಳ್ಳಿದೆ, ಕೈ ನಡೆಯುವವರೆಗೆ ಆಯಿಯೂ ತಳ್ಳಿದಳು. ಅದು ಎಲ್ಲಿಗೆ ಹೋಗುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಗುಡಿಯ ಹುಂಡಿಯೊಳಗೆ ಹಾಕಿದ್ದರ ಬಗ್ಗೆ ಹೇಗೆ ಕೇಳುವುದಿಲ್ಲವೋ ಹಾಗೆ.

ನಾನು ಹಲಗೆ ಒರೆಸಲೆಂದು ನೆಲಕ್ಕೆ ಮುಖ ಹಚ್ಚಿ ಮಲಗಿದ್ದೆ. ಆಗ ಕರೆಂಟು ಬಂತು. ಅಪ್ಪ ಓಡುತ್ತ ಬಂದಿರಬೇಕು, ಗೋಡೆಯಾಚೆ ಮಗ್ಗಗಳು ಒಂದೊಂದಾಗಿ ಶುರುವಾದವು. ತಿಕ್ಕಿದ ಕಿಟಕಿಯಿಂದ ಒಂದು ಬಿಸಿಲಿನ ಕೋಲು ನೇರವಾಗಿ ನೆಲದ ಮೇಲೆ ಬಿದ್ದಿತ್ತು. ಆ ಬಿಸಿಲಿನಲ್ಲಿ ತೂತಿನಿಂದ ಏನೋ ಬೆಳ್ಳಗೆ ಮೇಲೆದ್ದಿತು. ಹೊಗೆ ಅಂದುಕೊಂಡೆ. ಹೊಗೆಯಲ್ಲ. ಮಗ್ಗ ಬಡಿದಂತೆ ಹಲಗೆ ಅದುರುತ್ತಿತ್ತು, ಹಲಗೆ ಅದುರಿದಂತೆ ತೂತು ಧೂಳನ್ನು ಉಗುಳುತ್ತಿತ್ತು, ಒಂದು ಸಲ, ಮತ್ತೊಂದು ಸಲ, ನೆಲದ ಅಡಿ ಯಾರೋ ಕೂತು ಉಸಿರು ಬಿಡುತ್ತಿರುವ ಹಾಗೆ. ಪಲ್ಲಂಗ ಅದರ ಜಾಗದಲ್ಲಿದ್ದರೆ ಆ ಉಸಿರು ನೇರವಾಗಿ ಆಯಿಯ ತಲೆದಿಂಬಿನ ಅಡಿಗೆ ಬರುತ್ತದೆ.

ಆಯಿಯ ಕೆಮ್ಮು ಯಾಕೆ ಕರೆಂಟಿನ ಜೊತೆ ಬರುತ್ತದೆ ಎಂದು ನನಗೆ ನೆಲದ ಮೇಲೆ ಮಲಗಿದ್ದಂತೆಯೇ ತಿಳಿಯಿತು. ಗೋಡೆಯಾಚೆಯ ಮಗ್ಗ ಅಲ್ಲ, ಹಾಸಿಗೆಯ ಅಡಿಯ ಕುಣಿ. ಕುಣಿಯನ್ನು ತೆಗೆದು ಸ್ವಚ್ಛ ಮಾಡಿದರೆ ಆಯಿ ಈ ಕೋಣೆ ಬಿಡಬೇಕಾಗಿಲ್ಲ.

ಅಲ್ಲಿಯವರೆಗೆ ಯೋಚನೆ ಬಹಳ ಚೆನ್ನಾಗಿ ಓಡಿತು. ಅಲ್ಲಿ ನಿಂತಿತು. ಆಮೇಲೆ ಇನ್ನೊಂದು ದಾರಿ ಹಿಡಿಯಿತು. ಆಯಿ ಪಡಸಾಲೆಯಲ್ಲಿ ಕೂತಿದ್ದಾಳೆ, ಮಗ್ಗ ನಡೆಯುತ್ತಿದೆ, ಅವಳು ಕೆಮ್ಮುತ್ತಿಲ್ಲ. ಅಂದರೆ ಪಡಸಾಲೆಯಲ್ಲೂ ಅವಳು ಆರಾಮಾಗಿಯೇ ಇರುತ್ತಾಳೆ. ನಾನು ಬಾಯಿ ಮುಚ್ಚಿಕೊಂಡು ಇದ್ದರೆ ಯಾರಿಗೂ ನಷ್ಟವಿಲ್ಲ. ದಸರೆ ಮುಗಿದ ಮೇಲೆ, ಖೋಲಿ ನನ್ನದಾದ ಮೇಲೆ, ಕುಣಿ ಇದ್ದಕ್ಕಿದ್ದಂತೆ ನನಗೆ ಕಾಣಿಸಬಹುದು. ಆಗ ಎಲ್ಲರೂ ನನ್ನ ಕಣ್ಣನ್ನು ಹೊಗಳುತ್ತಾರೆ. ಆಯಿಯ ಉಸಿರೂ ಸರಿ, ನನ್ನ ಚಿಲಕವೂ ಸರಿ. ಇದರಲ್ಲಿ ತಪ್ಪೆಲ್ಲಿದೆ ಎಂದು ನಾನು ಖರೇನೇ ಹುಡುಕಿದೆ. ಸಿಗಲಿಲ್ಲ. ಹಸಿ ಬಟ್ಟೆಯನ್ನು ಉಂಡೆ ಮಾಡಿ ತೂತಿಗೆ ತುರುಕಲು ಕೈ ಚಾಚಿದೆ.

ಬಾಗಿಲಲ್ಲಿ ಆಯಿ ನಿಂತಿದ್ದಳು. ಗೋಡೆಗೆ ಕೈ ಊರಿಕೊಂಡು ಖಾಲಿ ಕೋಣೆಯನ್ನು ಸುತ್ತಲೂ ನೋಡಿದಳು. ಎಷ್ಟು ಚೆಂದ ಮಾಡೀಯಲ್ಲ ಎಂದಳು. ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ತನ್ನ ಚೀಲವನ್ನು ತೆಗೆದುಕೊಂಡು ಎದೆಗೆ ಹಿಡಿದಳು. ಆ ಚೀಲದಲ್ಲಿ ಅವಳ ವಿಭೂತಿ, ಕನ್ನಡಕ, ಪಂಪು, ಮತ್ತು ನಮ್ಮಿಂದ ಬಚ್ಚಿಟ್ಟ ಬೆಲ್ಲದ ತುಂಡು ಇರುತ್ತವೆ.

“ತಂಗಿ,” ಎಂದಳು, “ಈ ಮೊಳಿ ಅಷ್ಟ ಕೀಳಬ್ಯಾಡ. ಹಗಲ ಹೊತ್ತಿನ್ಯಾಗ, ನೀ ಕಾಲೇಜಿಗೆ ಹೋದಾಗ, ಒಂದ್ ಗಳಿಗಿ ಬಂದು ಇಲ್ಲಿ ಕುಂದ್ರಲೇನ? ನೀ ಬರೂದರಾಗ ಎದ್ದು ಹೋಗತೇನಿ.”

ಇಡೀ ಮನೆಯನ್ನು ಬೆರಳ ತುದಿಯಲ್ಲಿ ಆಡಿಸಿದವಳು ತನ್ನದೇ ಕೋಣೆಯಲ್ಲಿ ಕೂರಲು ನನ್ನನ್ನು ಕೇಳುತ್ತಿದ್ದಳು. ಪಡಸಾಲೆಯಲ್ಲೇನು ಕಷ್ಟ ಆಯಿ, ಟಿವಿ ಇದೆ, ಜನ ಬರುತ್ತಾರೆ ಎಂದೆ.

“ಅದಕ್ಕ. ಜನ ಬರ್ತಾರ. ಬಂದವರ ಮುಂದ ಎದ್ದು ಕುಂತು ಕೆಮ್ಮಬೇಕು, ಕುಪ್ಪಸ ಸಡಲ ಮಾಡಬೇಕು, ಉಸರ ಹಿಡಕೊಂಡು ನೋಡಿಸಿಕೋಬೇಕು. ಪಡಸಾಲ್ಯಾಗ ಮಲಗಿದಾಕಿ ಮನೀ ಮಂದಿ ಅಲ್ಲವಾ, ಬಂದಾಕಿ. ಇಷ್ಟ ದಿನ ಆದಮ್ಯಾಲೆ ಬಂದಾಕಿ ಆಗಬೇಕಲ್ಲ ಅಂತ ಅಷ್ಟ.”

ಇಷ್ಟು ಹೇಳುವಷ್ಟರಲ್ಲಿ ಕೆಮ್ಮು ಬಂತು. ಪಡಸಾಲೆಯಲ್ಲಿ ಇರದಿದ್ದ ಕೆಮ್ಮು, ನನ್ನ ಕಣ್ಣೆದುರು, ಆ ತೂತಿನಿಂದ ಎದ್ದು ಬಂದದ್ದು. ನಾನು ಕೈಯಲ್ಲಿದ್ದ ಹಸಿ ಬಟ್ಟೆಯ ಉಂಡೆಯನ್ನು ಬಕೆಟ್ಟಿಗೆ ಎಸೆದೆ.

“ಆಯಿ, ಇಲ್ಲಿ ಬಾ. ಇಲ್ಲಿ ನೋಡು ಬೇ.”

ಅವಳು ಮೊಣಕಾಲು ಹಿಡಿದುಕೊಂಡು ಬಗ್ಗಿ ನೋಡಿದಳು. ಬಿಸಿಲಿನಲ್ಲಿ ಧೂಳು ಏಳುವುದನ್ನು, ಬೀಳುವುದನ್ನು, ಮತ್ತೆ ಏಳುವುದನ್ನು ನೋಡಿದಳು. ನಾಲ್ಕು ಮಾತಿನಲ್ಲಿ ತಿಳಿಸಿದೆ. ನಾಲ್ಕೇ ಮಾತಿನಲ್ಲಿ ನಾನು ಏನನ್ನಾದರೂ ಹೇಳಿದ್ದು ಅದೇ ಮೊದಲಿರಬೇಕು. ಆಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು, ಹೋಗು, ನಿಮ್ಮಪ್ಪನಿಗೆ ಮಗ್ಗ ಬಂದ್ ಮಾಡಲು ಹೇಳು ಎಂದಳು.

ಕರೆಂಟು ಇದ್ದಾಗ ಮಗ್ಗ ನಿಲ್ಲಿಸುವುದು ನಮ್ಮ ಊರಿನಲ್ಲಿ ಹೆಣ ಬಿದ್ದಾಗ ಮಾತ್ರ. ಹೀಗಾಗಿ ಅಪ್ಪ ನಾಲ್ಕೂ ಮಗ್ಗ ನಿಲ್ಲಿಸಿ ಬಿಳಿಚಿಕೊಂಡು ಓಡಿಬಂದ. ಆಯಿ ಬದುಕಿರುವುದನ್ನು ಕಂಡು ಮೊದಲು ಉಸಿರು ಬಿಟ್ಟ, ಆಮೇಲೆ ನನಗೆ ಬೈದ. ತೂತು ತೋರಿಸಿದ ಮೇಲೆ ಹಾರೆ ತಂದು ಹಲಗೆಯ ಸಂದಿಗೆ ಹಾಕಿ ಮೀಟಿದ.

ಕುಣಿಯೊಳಗೆ ಏನಿತ್ತು ಎಂದು ನಾನು ಕಾಲೇಜಿನಲ್ಲಿ ಒಂದು ವಾರ ಹೇಳಿದ್ದೇನೆ, ದಿನಕ್ಕೊಂದು ವಸ್ತು ಹೆಚ್ಚಾಗಿದೆ. ಇಲ್ಲಿ ಇದ್ದದ್ದನ್ನಷ್ಟೇ ಹೇಳುತ್ತೇನೆ. ಒತ್ತಿ ಒತ್ತಿ ಕೂತ ಹತ್ತಿಯ ಧೂಳು ಬೂದು ಬಣ್ಣದ ದಪ್ಪ ಗಾದಿಯಾಗಿತ್ತು, ಆಯಿ ಮೇಲೆ ಮಲಗುತ್ತಿದ್ದದ್ದಕ್ಕಿಂತ ಮೆತ್ತಗೆ. ಅದರೊಳಗೆ ಬಳೆಚೂರು, ಅಂಗಿಯ ಗುಂಡಿಗಳು, ಪೆನ್ಸಿಲ್ಲಿನ ತುಂಡುಗಳು, ಟಿವಿ ರಿಮೋಟಿನ ಹಿಂದಿನ ಮುಚ್ಚಳ. ಆ ಮುಚ್ಚಳದ ಜಾಗದಲ್ಲಿ ನಾವು ಅಷ್ಟು ವರ್ಷ ರಬ್ಬರ್ ಬ್ಯಾಂಡು ಸುತ್ತಿ ನಡೆಸಿದ್ದೆವು. ಅವ್ವನ ಬೆಂಡೋಲೆಯ ಬಂಗಾರದ ತಿರುಪು ಇತ್ತು. ಅದು ಕಳೆದಾಗ ಅವ್ವ ತನ್ನ ತವರಿನವರನ್ನು ಬಿಟ್ಟು ಉಳಿದ ಎಲ್ಲರ ಮೇಲೂ ಅನುಮಾನಪಟ್ಟಿದ್ದಳು. ಒಂದು ಮೂಲೆಯಲ್ಲಿ ಇಲಿಯ ಗೂಡು, ನೂಲಿನ ತುಂಡುಗಳನ್ನೇ ಆಯ್ದು ಹೆಣೆದದ್ದು, ಒಳಗೆ ಕೆಂಪು, ಹೊರಗೆ ಹಸಿರು. ನಮ್ಮ ಮನೆಯಲ್ಲಿ ಇಲಿಗೂ ಕಸುಬು ಬಂದಿತ್ತು.

ಅಪ್ಪ ಬುಟ್ಟಿ ತುಂಬಿದ, ನಾನು ಹೊತ್ತು ಹಿತ್ತಲಿಗೆ ಹಾಕಿದೆ. ಆಯಿಯನ್ನು ಪಡಸಾಲೆಗೆ ಕಳಿಸಿದರೂ ಅವಳು ಮೂಗು ಮುಚ್ಚಿಕೊಂಡು ಬಾಗಿಲಿನಿಂದ ಇಣುಕುತ್ತಲೇ ಇದ್ದಳು. ತಳ ಕಂಡ ಮೇಲೆ, ಅಪ್ಪ ಹಸಿ ಬಟ್ಟೆಯಿಂದ ಎಲ್ಲ ಒರೆಸಿದ ಮೇಲೆ, ಒಳಗೆ ಬಂದಳು. ಯಾರ ಕೈಯನ್ನೂ ಹಿಡಿಯದೆ ಕುಣಿಯ ಅಂಚಿಗೆ ಕೂತು ಎರಡೂ ಕಾಲನ್ನು ಒಳಗೆ ಇಳಿಬಿಟ್ಟಳು. ನೆಲದ ಮೇಲೆ ಕೂರಲು ಆಗುವುದಿಲ್ಲ ಎಂದು ಕುರ್ಚಿ ಹಿಡಿದವಳು ಅಲ್ಲಿ ಎಷ್ಟು ಸಲೀಸಾಗಿ ಕೂತಳೆಂದರೆ ಆ ತಗ್ಗನ್ನು ಅವಳ ಕಾಲಿನ ಅಳತೆ ಹಿಡಿದು ತೋಡಿದ್ದರೇನೋ. ಅವಳ ಪಾದಗಳು ತಳದಲ್ಲಿ ಏನನ್ನೋ ಹುಡುಕಿದವು, ಒಂದಾದ ಮೇಲೊಂದು ಸ್ವಲ್ಪ ಒತ್ತಿದವು.

ಅಪ್ಪನ ಕಣ್ಣು ತುಂಬಿ ಬಂತು. ಇದು ನಮ್ಮಪ್ಪನ ಕುಣಿ, ಇದಕ್ಕೆ ಮಣ್ಣು ಹಾಕುವುದು ಬೇಡ, ಗಾಜಿನ ಮುಚ್ಚಳ ಮಾಡಿಸಿ ಹಾಗೆಯೇ ಇಡೋಣ ಎಂದ. ಆಯಿ ಅವನನ್ನು ಒಂದು ಗಳಿಗೆ ನೋಡಿದಳು.

“ನಿಮ್ಮಪ್ಪ ಉಣ್ಣಾಕ ಎದ್ದಾಗ, ಸಂತಿಗೆ ಹೋದಾಗ, ಚಾವಡ್ಯಾಗ ಹರಟಿ ಹೊಡ್ಯಾಕ ಹೋದಾಗೆಲ್ಲ ಈ ಕುಣ್ಯಾಗ ಇಳದು ನೇಯ್ದಾಕಿ ನಾ. ನೀ ಹೊಟ್ಟ್ಯಾಗಿದ್ದಾಗ ಸೈತ. ಅರ್ಧ ಕುಣಿ ಅವರದಾದ್ರ ಅರ್ಧ ನಂದು. ನನ್ನ ಅರ್ಧ ಮುಚ್ಚೋ ಮಾರಾಯಾ, ನನಗ ಉಸರ ಬೇಕಾಗೇತಿ.”

ಅಪ್ಪ ಅರ್ಧ ಕುಣಿ ಮುಚ್ಚುವುದು ಹೇಗೆ ಎಂದು ವಾದ ಮಾಡಲಿಲ್ಲ. ಮರುದಿನ ಒಂದು ಟ್ರಾಲಿ ಮುರುಮು ಮಣ್ಣು ಬಂತು. ಕುಣಿ ತುಂಬಿ, ದಮ್ಮಸು ಹೊಡೆದು, ಮೇಲೆ ಫರ್ಶಿ ಕಲ್ಲು ಕೂರಿಸಿ, ಸಂದುಗಳಿಗೆ ಸಿಮೆಂಟು ತುಂಬಿದರು. ಅವ್ವ ಆ ತಿರುಪನ್ನು ಹುಣಸೆಹಣ್ಣಿನಲ್ಲಿ ತೊಳೆದು ಕಿವಿಗೆ ಹಾಕಿಕೊಂಡು, ತಾನು ಯಾರ ಮೇಲೂ ಅನುಮಾನಪಟ್ಟೇ ಇರಲಿಲ್ಲ ಎಂದು ಎಲ್ಲರಿಗೂ ಹೇಳಿದಳು.

ಪರೀಕ್ಷೆ ಎರಡು ಇದ್ದವು. ಮೊದಲನೆಯದು ನನ್ನದು. ಅವ್ವ ಬಿಳಿ ಬಟ್ಟೆ ಹಿಡಿದು ತಿಜೋರಿಯ ತಲೆ, ಕಿಟಕಿಯ ಸರಳು, ಕೊನೆಗೆ ಸೇಡಿಗೆ ಬಾಗಿಲ ಹಿಂದಿನ ಮೂಲೆಯನ್ನೂ ಒರೆಸಿದಳು. ಬಟ್ಟೆ ಬೆಳ್ಳಗೇ ಉಳಿಯಿತು. ಅವಳ ಮುಖ ನೋಡಿದರೆ ಸೋತವಳು ಅವಳೇ ಅನ್ನಿಸುತ್ತಿತ್ತು. ಎರಡನೆಯದು ಆಯಿಯದು. ಊಟವಾದ ಮೇಲೆ ಅವಳು ತೊಳೆದ ಕೌದಿ ಹಾಸಿಕೊಂಡು, ಬಿಸಿಲು ಕಂಡ ಗಾದಿಯ ಮೇಲೆ, ಅದೇ ಗೋಡೆಯ ಪಕ್ಕ ಮಲಗಿದಳು. ಅಪ್ಪ ಶೆಡ್ಡಿಗೆ ಹೋಗಿ ಮಗ್ಗ ಶುರು ಮಾಡಿದ. ಅವ್ವ ಮತ್ತು ನಾನು ಅಡುಗೆಮನೆಯಲ್ಲಿ ಕೂತು ಕಿವಿಗೊಟ್ಟೆವು. ಒಂದು ಮಗ್ಗ, ಎರಡು, ಮೂರು, ನಾಲ್ಕು. ನಮ್ಮ ಮುಂದಿನ ಚಹಾ ತಾನೇ ನಡುಗುತ್ತಿತ್ತು. ಆಯಿ ಕೆಮ್ಮದೆ ಇರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಅವಳು ಕೆಮ್ಮದೆ ಇದ್ದಷ್ಟು ಹೊತ್ತೂ ಕೋಣೆ ನನ್ನ ಕೈಯಿಂದ ದೂರ ದೂರ ಹೋಗುತ್ತಿತ್ತು. ಎರಡೂ ನನಗೆ ಗೊತ್ತಾಗುತ್ತಿತ್ತು.

ಬಹಳ ಹೊತ್ತಿನ ಮೇಲೆ ಒಂದು ಕೆಮ್ಮು ಬಂತು. ಒಂದೇ. ಆಮೇಲೆ ಕೇಳಿಸಿದ್ದು ಗೊರಕೆ. ಅಪ್ಪನ ಗೊರಕೆ ಎಲ್ಲಿಂದ ಬಂದದ್ದು ಎಂದು ನನಗೆ ಆಗ ಗೊತ್ತಾಯಿತು.

ಕೆಮ್ಮು ಪೂರ್ತಿ ಹೋಗಿಲ್ಲ. ಅಷ್ಟು ವರ್ಷ ಒಳಗೆ ಹೋದದ್ದು ಎಲ್ಲಿಗೆ ಹೋಗಬೇಕು? ಪಂಪು ಚೀಲದಲ್ಲಿಯೇ ಇದೆ, ಚೀಲ ಆ ಮೊಳೆಗೇ ತೂಗುತ್ತದೆ. ಆದರೆ ಮಾತು ಅರ್ಧಕ್ಕೆ ನಿಲ್ಲುವುದು ಕಡಿಮೆಯಾಗಿದೆ. ಆಯಿ ಆ ಕೋಣೆಯಲ್ಲೇ ಇರಬಹುದು ಎಂದು ಜಮಖಂಡಿಯ ಡಾಕ್ಟರೂ ಒಪ್ಪಿದರು. ನಾನು ಷರತ್ತನ್ನು ಗೆದ್ದು ಕೋಣೆಯನ್ನು ಸೋತೆ. ಆಯಿ ನನ್ನನ್ನು ಕರೆದು, ಪರೀಕ್ಷೆ ಮುಗಿಯುವವರೆಗೆ ಸಂಜೆ ಹೊತ್ತು ಇಲ್ಲಿಯೇ ಓದಿಕೋ, ಚಿಲಕ ಹಾಕಿಕೋ, ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತೇನೆ ಎಂದಳು. ಹಾಗೆಯೇ ಓದುತ್ತೇನೆ. ಚಿಲಕ ಹಾಕಿದ ಕೋಣೆಯಲ್ಲಿ ಏನೂ ಮಾಡದೆ ಕೂರಬಹುದು ಎನ್ನುವುದು ಮಾತ್ರ ಸುಳ್ಳಾಯಿತು, ಆಯಿಯ ಹತ್ತಿರವೂ ಬೆಳ್ಳುಳ್ಳಿ ಇರುತ್ತದೆ.

ಹಾಗೆ ಓದಲು ಹೋದ ಮೊದಲ ಸಂಜೆ ದೀಪ ಹಚ್ಚಿದ ಮೇಲೆ ನಾನು ಕೋಣೆ ಗುಡಿಸಿದೆ. ಕೈ ತಾನಾಗಿ ಪಲ್ಲಂಗದ ಅಡಿಗೆ ಹೋಯಿತು, ಕಸಬರಿಗೆ ಕಲ್ಲಿಗೆ ತಾಗಿ ನಿಂತಿತು. ಮೊರದಲ್ಲಿ ಒಂದು ಹಿಡಿ ನವಿರು ಹಿಡಿದುಕೊಂಡು ಕೋಣೆಯ ನಡುವೆ ನಿಂತೆ. ಎಲ್ಲಿಡಲಿ ಎಂದು ಆಯಿಯ ಮುಖ ನೋಡಿದೆ. ಅವಳು ದೀಪವನ್ನು ನೋಡಿದಳು, ಬಾಗಿಲನ್ನು ನೋಡಿದಳು.

“ಹೊರಗ ಚೆಲ್ಲಿ ಬಾ,” ಎಂದಳು.

“ಲಕ್ಷ್ಮಿ ಹೋದ್ರ?”

“ಹೋಗಿ ಒಂದಿಷ್ಟ ಗಾಳಿ ತಗೊಂಡ್ ಬರ್ಲಿ.”

ಹೊರಗೆ ಚೆಲ್ಲಿ ಬಂದು ದೀಪದ ಬೆಳಕಿನಲ್ಲಿ ಪುಸ್ತಕ ತೆರೆದೆ. ಆಗ ಕರೆಂಟು ಹೋಗಿತ್ತು. ಸ್ವಲ್ಪ ಹೊತ್ತಿಗೆ ಬಂತು, ಗೋಡೆಯಾಚೆ ಮೊದಲ ಮಗ್ಗ ಬಡಿಯಿತು. ಓದುತ್ತಿದ್ದ ಸಾಲಿನ ಮೇಲೆ ಬೆರಳಿಟ್ಟು ಪಲ್ಲಂಗದ ಕಡೆ ಕಿವಿಗೊಟ್ಟು ಕೂತೆ. ಈಗಲೂ ಕರೆಂಟು ಬಂದಾಗಲೆಲ್ಲ ಹಾಗೆಯೇ ಕೂರುತ್ತೇನೆ, ನಾಲ್ಕನೆಯ ಮಗ್ಗ ಶುರುವಾಗುವವರೆಗೆ.